ಕವಿಯ ಪಾಲಿನ ಒಡ್ಡು

ಮಠದ ಶಿಷ್ಯನೊಬ್ಬ ಆರು ವರ್ಷ ಕೂತು ಒಂದು ಕಾವ್ಯ ಬರೆದು ಮುಗಿಸಿದ. ಹಾಳೆಗಳ ಕಟ್ಟನ್ನು ಗುರುಗಳ ಮುಂದಿಟ್ಟು ಕೇಳಿದ: "ಗುರುಗಳೇ, ಮೊದಲ ಪುಟದಲ್ಲಿ ನೆರವಾದವರನ್ನು ನೆನೆಯಬೇಕು ಎನ್ನುತ್ತಾರೆ. ಎಷ್ಟು ಯೋಚಿಸಿದರೂ ನನಗೆ ಯಾರ ಹೆಸರೂ ಹೊಳೆಯುತ್ತಿಲ್ಲ. ಎಲ್ಲ ನಾನೊಬ್ಬನೇ ಮಾಡಿದ್ದು. ಇಲ್ಲದ ಉಪಕಾರವನ್ನು ಇದೆ ಎಂದು ಬರೆದರೆ ಸುಳ್ಳಾಗುವುದಿಲ್ಲವೇ?"

ಗುರುಗಳು ಕಟ್ಟು ಬಿಚ್ಚಲಿಲ್ಲ. "ಸುಳ್ಳು ಬರೆಯಬೇಡ. ಕೂತುಕೋ" ಎಂದು ಈ ಕತೆ ಹೇಳಿದರು.

ಡಚ್ಚರ ನಾಡಿನಲ್ಲಿ ಒಬ್ಬ ಕವಿ ಇದ್ದ. ಆ ನಾಡಿನ ಬಹಳಷ್ಟು ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಮಣ್ಣಿನ ಒಡ್ಡು ಕಟ್ಟಿ ಕಡಲನ್ನು ಆಚೆ ನಿಲ್ಲಿಸಿ, ಜನ ಈಚೆ ಬಾಳುತ್ತಾರೆ. ಕವಿಯ ಊರಿನಲ್ಲಿ ಒಂದು ಕಟ್ಟಳೆ ಇತ್ತು. ನೆಲವಿದ್ದ ಪ್ರತಿಯೊಬ್ಬನಿಗೂ ಒಡ್ಡಿನಲ್ಲಿ ಒಂದು ಪಾಲು. ವರ್ಷಕ್ಕೊಮ್ಮೆ ಅವನು ತನ್ನ ಪಾಲಿಗೆ ಮಣ್ಣು ಹಾಕಿ ಎತ್ತರಿಸಬೇಕು. ಎತ್ತರಿಸದವನ ಪಾಲಿನಲ್ಲಿ ಊರವರು ಒಂದು ಸಲಿಕೆ ನೆಡುತ್ತಿದ್ದರು. ಆ ಸಲಿಕೆಯನ್ನು ಕಿತ್ತು ಕೆಲಸಕ್ಕೆ ನಿಂತವನಿಗೆ ಆ ಪಾಲಿನ ಒಡೆಯನ ಮನೆ, ನೆಲ ಎಲ್ಲ ಸೇರುತ್ತಿತ್ತು. ಹಳೆಯ ಒಡೆಯ ಉಟ್ಟ ಬಟ್ಟೆಯಲ್ಲೇ ಊರು ಬಿಡಬೇಕು.

ಕವಿ ಪೀಪಾಯಿ ಮಾಡುವವನ ಮಗ. ಆ ಊರಿನಲ್ಲಿ ನೇಕಾರ, ಬಡಗಿ, ರೊಟ್ಟಿ ಸುಡುವವ ಎಲ್ಲ ಸೇರಿ ಪದ್ಯ ಕಟ್ಟುವ ಕೂಟವೊಂದಿತ್ತು. ಇವನೂ ಸೇರಿದ. ಮೊದಲು ಮದುವೆಗಳಿಗೆ ಪದ್ಯ ಬರೆದ, ಆಮೇಲೆ ಕೂಟಕ್ಕೆ ನಾಟಕ ಬರೆದ. ಪಟ್ಟಣದ ರಂಗಶಾಲೆಯವರು ಕರೆದರು. ಪ್ರವಾಹದಲ್ಲಿ ಕೊಚ್ಚಿಹೋದ ಊರಿನ ಮೇಲೆ ಅವನು ಬರೆದ ನಾಟಕ ನೋಡಿ ಹಡಗಿನ ನಾವಿಕರೂ ಅತ್ತರಂತೆ. ಅದನ್ನು ಬರೆದವನು ಮಾತ್ರ ಒಡ್ಡಿಗೆ ಒಂದು ಬುಟ್ಟಿ ಮಣ್ಣೂ ಹಾಕಿದವನಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆ, ನೆಲದ ಜೊತೆ ಒಡ್ಡಿನ ಪಾಲೂ ತನ್ನ ತಲೆಗೆ ಬಂದಿದೆ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಅವನ ಕಿಟಕಿಯ ಎದುರಿಗೇ ಒಡ್ಡು. ನೆರೆಮನೆಯ ರೈತ ಅಲ್ಲಿ ಗೂಟ ಬಡಿಯುತ್ತಿದ್ದ, ಮಣ್ಣು ತಟ್ಟುತ್ತಿದ್ದ. ಆ ಸದ್ದಿಗೆ ಕವಿಯ ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ತಲೆ ಹೊರಗೆ ಹಾಕಿ, ಇಲ್ಲಿ ಒಬ್ಬ ಮನುಷ್ಯ ಕೆಲಸ ಮಾಡುತ್ತಿದ್ದಾನೆ, ಸ್ವಲ್ಪ ಸದ್ದಡಗಿಸು ಎಂದು ಗದರಿದ. ರೈತ ಆಗಲಿ ಎಂದ. ಮರುದಿನದಿಂದ ಕವಿ ಏಳುವ ಮೊದಲೇ ಬಂದು ಕೆಲಸ ಮುಗಿಸಿ ಹೋಗತೊಡಗಿದ. ಕವಿಗಳು ಏಳುವ ಹೊತ್ತು ನಿನಗೆ ಗೊತ್ತೇ ಇದೆ, ರೈತನಿಗೆ ಅವಸರವೇನೂ ಆಗಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಹದಿನೇಳು ನಾಟಕಗಳಾದವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಅಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ.

ಕೊನೆಗೆ ಪಟ್ಟಣದವರು ದೊಡ್ಡ ಕವಿಗಳಿಗೆ ಸಲ್ಲುವ ಎಲೆಗಳ ಕಿರೀಟವನ್ನು ಅವನಿಗೆ ತೊಡಿಸುವುದೆಂದು ನಿಶ್ಚಯಿಸಿದರು. ಜೀವಮಾನವೆಲ್ಲ ಅವನು ಕಾದದ್ದು ಅದಕ್ಕೇ. ಶುಕ್ರವಾರ ಸಭೆ. ಅದೇ ವಾರದ ಸೋಮವಾರ ಒಡ್ಡಿನ ಮೇಲ್ವಿಚಾರಕ ಸಲಿಕೆ ಹಿಡಿದು ಬಾಗಿಲಿಗೆ ಬಂದ. ನಿಮ್ಮ ಪಾಲಿಗೆ ಈ ಸಲ ಮಣ್ಣು ಬಿದ್ದಿಲ್ಲ, ಶುಕ್ರವಾರ ಸಂಜೆಯೊಳಗೆ ಬೀಳದಿದ್ದರೆ ಇದನ್ನು ಅಲ್ಲಿ ನೆಡುತ್ತೇವೆ ಎಂದ. ಕವಿ ನಕ್ಕುಬಿಟ್ಟ. ಇಷ್ಟು ವರ್ಷ ಯಾರೂ ಕೇಳದ್ದು ನನ್ನ ಪದ್ಯಗಳ ಮೇಲಿನ ಗೌರವದಿಂದ ಅಲ್ಲವೇ ಎಂದ. ಕಡಲಿಗೆ ಪದ್ಯ ತಿಳಿಯುವುದಿಲ್ಲ ಎಂದ ಮೇಲ್ವಿಚಾರಕ. ಇಷ್ಟು ವರ್ಷ ನೆರೆಯ ರೈತ ತನ್ನ ಪಾಲಿನ ಜೊತೆ ನಿಮ್ಮದನ್ನೂ ಮಾಡುತ್ತಿದ್ದ, ಈಗ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಅವನ ಪಾಲಿಗೂ ಮಣ್ಣು ಬಿದ್ದಿಲ್ಲ ಎಂದೂ ಹೇಳಿದ.

ಕವಿ ರೈತನ ಮನೆಗೆ ಹೋದ. ರೈತ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ.

"ನನಗೇಕೆ ಒಂದು ಮಾತು ಹೇಳಲಿಲ್ಲ?" ಎಂದು ಕವಿ ಕೇಳಿದ.

"ಹೇಳೋಣ ಅಂತ ಮೊದಲ ವರ್ಷ ಬಂದಿದ್ದೆ. ನೀವು ಬರೀತಾ ಕೂತಿದ್ರಿ. ಏನೋ ಒಳ್ಳೇದೇ ಬರೀತಿರಬೇಕು, ಎಬ್ಬಿಸೋದು ಬೇಡ ಅಂತ ವಾಪಸ್ ಹೋದೆ. ನಿಮ್ಮ ಪಾಲು ಒಡೆದ್ರೆ ನೀರು ನನ್ನ ಮನೆಗೂ ಬರುತ್ತಲ್ಲ."

ನನ್ನ ನಾಟಕ ಯಾವುದಾದರೂ ನೋಡಿದ್ದೀಯಾ ಎಂದು ಕವಿ ಕೇಳಿದ. ಪಟ್ಟಣಕ್ಕೆ ಹೋಗಲು ಪುರುಸೊತ್ತೆಲ್ಲಿ ಎಂದ ರೈತ.

ಕವಿ ಅಲ್ಲೇ ಕೂತು ಅತ್ತ. ನಾಚಿಕೆಯಿಂದಲ್ಲ, ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ತನಗೆ ಯಾರೂ ಇಲ್ಲ ಎಂದುಕೊಂಡೇ ಅವನು ಮುದುಕನಾಗಿದ್ದ. ಇಷ್ಟು ವರ್ಷವೂ ಒಬ್ಬ ಇದ್ದ. ನನ್ನ ಹಾಳೆಗಳು ನೆನೆಯದೆ ಉಳಿದದ್ದು ನಿನ್ನಿಂದ ಎಂದು ರೈತನ ಕೈ ಹಿಡಿದುಕೊಂಡ. ರೈತನಿಗೆ ಅದು ಪೂರಾ ತಿಳಿಯಲಿಲ್ಲ. ಸಲಿಕೆ ಬಾಗಿಲ ಹಿಂದಿದೆ, ತೊಗೊಳ್ಳಿ ಎಂದ.

ಊರವರೆಲ್ಲ ತಮ್ಮ ತಮ್ಮ ಪಾಲಿನಲ್ಲಿದ್ದರು. ಕವಿ ಒಬ್ಬನೇ ಮಣ್ಣು ಹೊತ್ತ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಗುರುವಾರ ಸಂಜೆ ಅವನ ಪಾಲು ಮುಗಿಯಿತು, ಮನೆ ಉಳಿಯಿತು. ಶುಕ್ರವಾರ ಬೆಳಿಗ್ಗೆ ಪಟ್ಟಣದಿಂದ ದೋಣಿ ಬಂತು. ಕರೆಯಲು ಬಂದವರು ನೋಡಿದರೆ ಕವಿ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ರೈತನ ಪಾಲಿನಲ್ಲಿ ಮಣ್ಣು ತಟ್ಟುತ್ತಿದ್ದ. ಇದು ಇವತ್ತು ಸಂಜೆಯೊಳಗೆ ಆಗಬೇಕು, ನೀವು ಹೊರಡಿ ಎಂದ. ಅವರು ಹೋಗಿ ಖಾಲಿ ಕುರ್ಚಿಯ ಮೇಲೆ ಕಿರೀಟ ಇಟ್ಟು ಸಭೆ ಮುಗಿಸಿದರು. ಇತ್ತ ಕವಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾ ಬುಟ್ಟಿ ಹೊರುತ್ತಿದ್ದ. ಅಷ್ಟು ಹಗುರಾಗಿ ಅವನು ಎಂದೂ ಇದ್ದಿರಲಿಲ್ಲ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಶಿಷ್ಯ, ಆ ಕಿರೀಟ ಆಮೇಲಾದರೂ ಕವಿಯ ಕೈ ಸೇರಿತೇ ಎಂದು ಕೇಳಿದ.

ಗುರುಗಳು ಹೇಳಿದರು: "ಮಠದ ಬಾವಿಯಲ್ಲಿ ನೀರು ಸೇದುವ ಸರದಿ ಎಲ್ಲರಂತೆ ನಿನಗೂ ಇದೆ, ಈ ಆರು ವರ್ಷ ನಿನ್ನ ಬದಲು ಸೇದಿದವರು ಯಾರು?"