ಕಿಟಕಿಗೆ ಕಟ್ಟಿದ ಸೀರೆ

ಬೆಳಗಿನ ಸೇವೆ ಮುಗಿಸಿದ ಶಿಷ್ಯ ಎಂದಿನಂತೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಗುರುಗಳ ಮುಂದೆ ಧೂಪದ ಬಟ್ಟಲಿಟ್ಟು ಕೈಮುಗಿದು ಕೇಳಿದ:

"ಗುರುಗಳೇ, ನಿಮ್ಮ ಉಪಕಾರ ನೆನೆಯದ ದಿನವಿಲ್ಲ. ಕೈಲಾದ ಸೇವೆ ಮಾಡುತ್ತಲೇ ಇದ್ದೇನೆ. ಆದರೂ ಏನೋ ಕಡಿಮೆ ಅನ್ನಿಸುತ್ತದೆ. ಕೃತಜ್ಞನಾದವನು ಇನ್ನೇನು ಮಾಡಬೇಕು?"

ಗುರುಗಳು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹೆಂಗಸರ ಬ್ಯೂಟಿ ಪಾರ್ಲರ್ ಇತ್ತು. ಅದಕ್ಕಿದ್ದದ್ದು ಒಂದೇ ಕಿಟಕಿ. ಎದುರಿಗೇ ಟೀ ಅಂಗಡಿ, ಅಲ್ಲಿ ಸದಾ ಗಂಡಸರ ಸಾಲು. ಅವರ ಕಣ್ಣು ಒಳಗೆ ಬೀಳಬಾರದೆಂದು ಯಜಮಾನಿ ಕಿಟಕಿ ಮುಚ್ಚಿ, ಅದರ ಮೇಲೆ ಮದುಮಗಳ ದೊಡ್ಡ ಚಿತ್ರ ಅಂಟಿಸಿದ್ದಳು. ಕೂದಲು ನೇರ ಮಾಡುವ ಔಷಧಿ ಹಚ್ಚಿ ಬಿಸಿ ಇಸ್ತ್ರಿ ಎಳೆದರೆ ಹೊಗೆ ಏಳುತ್ತಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡರೆ ಯಜಮಾನಿ ಇನ್ನೆರಡು ಊದುಬತ್ತಿ ಹಚ್ಚುತ್ತಿದ್ದಳು. ವಾಸನೆ ಅಡಗುತ್ತಿತ್ತು. ವಿಷ ಎಲ್ಲಿಗೆ ಹೋದೀತು? ಗಿರಾಕಿ ಆಗೊಮ್ಮೆ ಈಗೊಮ್ಮೆ ಬಂದು ಹೋಗುವವಳು. ಅಲ್ಲಿ ಕೆಲಸ ಮಾಡುವವಳು ದಿನವಿಡೀ ಅದನ್ನೇ ಉಸಿರಾಡಬೇಕು.

ಆ ಕೆಲಸದಾಕೆಯ ಕೈಗುಣ ದೊಡ್ಡದು. ಕಾಯಿಲೆಯಿಂದ ಕೂದಲು ಉದುರಿ, ತಲೆಯ ಮೇಲೆ ಸೆರಗಿಲ್ಲದೆ ಬಾಗಿಲಾಚೆ ಕಾಲಿಡದಿದ್ದ ಒಬ್ಬ ಗೃಹಿಣಿಯನ್ನು ಅವಳು, ಹೊಸದಾಗಿ ಚಿಗುರಿದ ಕೂದಲು ಒಪ್ಪಮಾಡಿ, ಮತ್ತೆ ತಲೆಯೆತ್ತಿ ನಡೆಯುವಂತೆ ಮಾಡಿದ್ದಳು. ಗೃಹಿಣಿಯ ಸಂತೋಷಕ್ಕೆ ಎಣೆಯಿರಲಿಲ್ಲ. ಒಂದು ಒಳ್ಳೆಯ ಸೀರೆ ಕೊಂಡು, ಅರಿಶಿನ ಕುಂಕುಮದ ಜೊತೆ ಅವಳಿಗೆ ಕೊಡಬೇಕೆಂದು ಪಾರ್ಲರಿಗೆ ತಂದಳು.

ಅಂದೂ ಕುರ್ಚಿಯಲ್ಲಿ ಕುಳಿತಳು. ಯಾವಾಗಲೂ ಹಾಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಅಂದು ಯಾಕೋ ಕಣ್ಣು ತೆರೆದಳು. ಕನ್ನಡಿಯಲ್ಲಿ ತನ್ನ ಹಿಂದೆ ನಿಂತವಳ ಮುಖ ಕಂಡಿತು. ಇಸ್ತ್ರಿ ಎಳೆಯುವಾಗಲೆಲ್ಲ ಅವಳು ಉಸಿರು ಬಿಗಿಹಿಡಿದು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

"ಯಾಕೆ ತಾಯಿ, ಹೀಗೆ ಉಸಿರು ಕಟ್ಟಿಕೊಂಡು ಕೆಲಸ ಮಾಡ್ತೀಯ?"

"ಈ ಹೊಗೆ ಒಳಗೆ ಹೋದ್ರೆ ಮೇಲುಸಿರು ಬರುತ್ತಮ್ಮ. ಹೀಗೇ ಆದ್ರೆ ಎದೆ ಉಳಿಯಲ್ಲ, ಕೆಲಸ ಬಿಡು ಅಂತ ಡಾಕ್ಟ್ರು ಹೇಳಿದ್ದಾರೆ. ಬಿಟ್ರೆ ಹೊಟ್ಟೆಗೇನು ಮಾಡ್ಲಿ?"

"ನಿಮ್ಮ ಯಜಮಾನಿಗೆ ಹೇಳಬಾರದಾ?"

"ದಿಕ್ಕಿಲ್ಲದೆ ಬಂದಾಗ ಕೈಹಿಡಿದು ಕೆಲಸ ಕಲಿಸಿದವರು ಅವರು. ಅವರ ಅಂಗಡೀಲಿ ಉಸಿರು ಕಟ್ಟುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಮ್ಮ?"

ಬಾಗಿಲಲ್ಲಿ ನಿಂತಿದ್ದ ಯಜಮಾನಿಗೆ ಇದು ಕೇಳಿಸಿತು. ಅವಳೇನು ಕಲ್ಲೆದೆಯವಳಲ್ಲ. ಕೆಲಸದಾಕೆಯ ಕೆಮ್ಮನ್ನು ಇಷ್ಟು ದಿನ ನೆಗಡಿಯೆಂದೇ ತಿಳಿದು, ಸಂಜೆ ಸಂಜೆ ಶುಂಠಿ ಕಷಾಯ ಕಾಸಿ ಕೊಡುತ್ತಿದ್ದಳು. ಈಗ ಅವಳ ಕಣ್ಣಲ್ಲೂ ನೀರು ಬಂತು. ಆದರೂ, "ಕಿಟಕಿ ತೆಗೆದ್ರೆ ಬೀದಿಯವರ ಕಣ್ಣೆಲ್ಲ ಒಳಗೇ ಇರುತ್ತಲ್ಲಮ್ಮ" ಎಂದಳು.

ಗೃಹಿಣಿ ವಾದ ಮಾಡಲಿಲ್ಲ. ಎದ್ದು ಮದುಮಗಳ ಚಿತ್ರ ಕಿತ್ತಳು, ಕಿಟಕಿ ತೆರೆದಳು, ತಾನು ತಂದ ಹೊಸ ಸೀರೆಯ ಮಡಿಕೆ ಬಿಚ್ಚಿ ಅಡ್ಡ ಕಟ್ಟಿದಳು. ಬೀದಿಯ ಕಣ್ಣು ಹೊರಗೇ ಉಳಿಯಿತು, ಗಾಳಿ ಒಳಗೆ ಬಂತು. ಮುಂದೆ ಯಜಮಾನಿ ಹೊಗೆ ಹೊರಗೆಳೆಯುವ ಫ್ಯಾನ್ ಹಾಕಿಸಿದಳು, ಆ ಕಟು ಔಷಧಿಯನ್ನೇ ಬಿಟ್ಟಳು. ಕೆಲಸದಾಕೆ ಕೆಲಸವನ್ನೂ ಉಳಿಸಿಕೊಂಡಳು, ಉಸಿರನ್ನೂ ಉಳಿಸಿಕೊಂಡಳು.

ಬಿಸಿಲಿಗೆ ಸೀರೆಯ ಬಣ್ಣ ಹೋದಾಗ ಗೃಹಿಣಿ ಇನ್ನೊಂದು ತರುತ್ತೇನೆಂದಳು. ಕೆಲಸದಾಕೆ ಬೇಡವೆಂದಳು. "ಉಡೋಕೆ ಕೊಟ್ಟಿದ್ರೆ ಹಬ್ಬಕ್ಕೊಂದು ಸಲ ಉಡ್ತಿದ್ದೆ ಅಮ್ಮ. ಈಗ ದಿನಾ ಬೆಳಗ್ಗೆ ಇದಕ್ಕೆ ಕೈಮುಗಿದೇ ಕೆಲಸ ಶುರು ಮಾಡ್ತೀನಿ."

ಕತೆ ಮುಗಿಯಿತು. ಕೇಳಿ ಶಿಷ್ಯನ ಮನಸ್ಸು ತುಂಬಿ ಬಂದಿತ್ತು. ಭಕ್ತಿಯಿಂದ ಧೂಪದ ಬಟ್ಟಲಿಗೆ ಇನ್ನಷ್ಟು ಸಾಂಬ್ರಾಣಿ ಹಾಕಲು ಕೈ ಚಾಚಿದ.

ಗುರುಗಳು ಅವನ ಕೈ ಹಿಡಿದುಕೊಂಡು ನಕ್ಕರು: "ನಿನ್ನ ಧೂಪ ಘಮಘಮ ಅನ್ನುತ್ತದೆ ಮಗು, ಈಗ ಹೋಗಿ ಆ ಕಿಟಕಿ ತೆಗೆ, ನಾನೂ ಉಸಿರಾಡುತ್ತೇನೆ."