ಪುಟ್ಟಗೌರಮ್ಮನ ಬಿಸಿನೀರು

ಹೊಳೆ ದಂಡೆ ಮೇಲೆ ಒಂದು ಆಶ್ರಮ. ಕಾಲೇಜು ಅರ್ಧಕ್ಕೆ ಬಿಟ್ಟ ತಿಪ್ಪೇಶ, ಜ್ಞಾನ ಬೇಕು ಅಂತ ಅಲ್ಲಿಗೆ ಬಂದ. ಸ್ವಾಮಿಗಳು ಅವನನ್ನ ಮೇಲಿಂದ ಕೆಳಗಿನವರೆಗೂ ನೋಡಿ, ಕೈಗೊಂದು ಸ್ಪ್ಯಾನರ್ ಕೊಟ್ಟರು.

"ಹಿಂದುಗಡೆ ಮರಿಬಸಪ್ಪ ಇದಾರೆ, ಹೋಗು."

ಮರಿಬಸಪ್ಪನೋರು ನಲವತ್ತು ವರ್ಷ ಊರೂರಲ್ಲಿ ಗ್ಯಾಸ್ ಪೈಪ್ ಎಳೆದವರು. ಇನ್ನು ಸಾಕು, ಸುಮ್ನೆ ಕಣ್ಣು ಮುಚ್ಕೊಂಡು ಕೂರೋಣ ಅಂತ ಆಶ್ರಮ ಸೇರಿದ್ರು. ಸೇರಿದ ಮೂರನೇ ದಿನಕ್ಕೆ ಅಡುಗೆಮನೆ ಒಲೆ ಕೆಟ್ಟಿತು. ಅಲ್ಲಿಂದ ಅವರಿಗೆ ಕಣ್ಣು ಮುಚ್ಚೋಕೆ ಪುರುಸೊತ್ತಾಗಿಲ್ಲ.

ಎರಡು ವರ್ಷ ಹೋಯ್ತು. ತಿಪ್ಪೇಶನಿಗೆ ಜ್ಞಾನ ಬಂತೋ ಇಲ್ವೋ, ಪೈಪ್ ಬಗ್ಗಿಸೋದಂತೂ ಬಂತು. ಈಗ ಅವನಿಗೆ ಉಳಿದಿದ್ದು ಒಂದೇ ಆಸೆ. ಗುರುಗಳಾದ ಮರಿಬಸಪ್ಪನೋರು ಬೆನ್ನ ಹಿಂದೆ ನಿಂತು ಕೆಮ್ಮದ ಹಾಗೆ, ಒಂದು ಕೆಲಸ ತಾನೊಬ್ಬನೇ ಮಾಡಬೇಕು.

ಆ ಚಳಿಗಾಲ ಪುಟ್ಟಗೌರಮ್ಮನ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕೋ ಕೆಲಸ ಬಂತು. ಆಶ್ರಮದಲ್ಲಿ ಎಲ್ಲರಿಗಿಂತ ದೊಡ್ಡವರು, ಎಂಬತ್ತೆರಡು ವರ್ಷ. ಹಂಡೆಗೆ ಸೌದೆ ಹಾಕೋಕೆ ಸೊಂಟ ಬಗ್ಗಲ್ಲ. ಬೈಯೋಕೆ ಸೊಂಟ ಬೇಕಾಗಿಲ್ಲ, ಅದು ಚೆನ್ನಾಗಿ ನಡೀತಿತ್ತು.

"ಒಬ್ಬನೇ ಹಾಕ್ತೀನಿ ಗುರುಗಳೇ."

"ಹಾಕು."

"ನೀವು ಬರ್ಬಾರ್ದು."

"ನನಗೂ ಬೆನ್ನು ನೋವು ಕಣಪ್ಪ. ಮುಗಿದ ಮೇಲೆ ಬಂದು ನೋಡ್ತೀನಿ. ಸರಿ ಇದ್ರೆ ಮುಂದಕ್ಕೆಲ್ಲ ನೀನೇ ಹೋಗು, ನನ್ನ ಕರೀಬೇಡ."

ತಿಪ್ಪೇಶ ಎರಡು ದಿನ ಊಟ ತಿಂಡಿ ಮರೆತು ದುಡಿದ. ಮೂರನೇ ದಿನ ಬೆಳಗ್ಗೆ ಗುರುಗಳನ್ನ ಕರ್ಕೊಂಡು ಬಂದ.

ಬಚ್ಚಲ ಮುಂದೆ ಪುಟ್ಟಗೌರಮ್ಮ ಆಗಲೇ ತಲೆಗೆ ಹರಳೆಣ್ಣೆ ಬಡ್ಕೊಂಡು ಕೂತಿದ್ರು.

"ಬಂದೆಯಾ ಮರಿಬಸಪ್ಪ? ಬೇಗ ನೋಡಿ ಆಚೆ ನಡಿ. ಎಣ್ಣೆ ಕಣ್ಣಿಗಿಳೀತಿದೆ."

ಗೀಸರ್ ಬಚ್ಚಲ ಒಳಗೇ ಗೋಡೆ ಮೇಲೆ ಕೂತಿತ್ತು. ಹೊಗೆ ಕೊಳವೆ ಗೋಡೆ ತೂರಿ ಆಚೆ ಹೋಗಿತ್ತು. ಮೇಲಿನ ಗವಾಕ್ಷಿಗೆ ಅಳತೆ ತೆಗೆದು ಕೊಯ್ದ ಥರ್ಮಾಕೋಲ್ ಹಲಗೆ.

"ಹೊರಗಿನ ಗೋಡೆಗೆ ಹಾಕೋದು ಅಲ್ವೇನೋ ರೂಲು?"

"ಹೊರಗೆ ಹೊಳೆ ಗಾಳಿಗೆ ಉರಿ ಆರುತ್ತೆ ಗುರುಗಳೇ. ಆರಡಿ ಪೈಪೂ ಉಳೀತು. ಸಿಲಿಂಡರ್ ಮಾತ್ರ ಹೊರಗೇ ಇಟ್ಟಿದೀನಿ."

"ಗವಾಕ್ಷಿ?"

"ಅಜ್ಜಿಗೆ ಚಳಿ ಹೊಡೆಯುತ್ತಂತೆ."

ಮರಿಬಸಪ್ಪನೋರು ಸೋಪಿನ ನೀರು ತಗೊಂಡು ಒಂದೊಂದೇ ಜಾಯಿಂಟಿಗೆ ಬಳಿದ್ರು. ಒಂದು ಗುಳ್ಳೆ ಏಳಲಿಲ್ಲ.

"ಬಿಗಿ ಚೆನ್ನಾಗಿದೆ" ಅಂದ್ರು.

ತಿಪ್ಪೇಶ ಎದೆ ಉಬ್ಬಿಸಿದ. "ನಾನೇ ಒಂದು ಸಲ ಸ್ನಾನ ಮಾಡಿ ನೋಡಿದೀನಿ. ಸತ್ತಿಲ್ವಲ್ಲ."

"ಎಷ್ಟು ಹೊತ್ತು ಮಾಡ್ದೆ?"

"ಮೂರು ನಿಮಿಷ ಆಗಿರ್ಬೇಕು."

"ನಿನ್ನ ಸ್ನಾನ ನನಗೆ ಗೊತ್ತಿಲ್ವೇನೋ. ಮೂರು ಅಂದ್ರೂ ಜಾಸ್ತಿನೇ." ಗುರುಗಳು ಪುಟ್ಟಗೌರಮ್ಮನ ಕಡೆ ತಿರುಗಿದ್ರು. "ಅಕ್ಕಾ, ನಿಮ್ಮದೆಷ್ಟು ಹೊತ್ತು?"

"ಎಣ್ಣೆ ಸ್ನಾನ ಅಲ್ವೇನೋ? ಸೀಗೆಪುಡಿ ಹಾಕ್ಬೇಕು, ಜಿಡ್ಡು ಬಿಡ್ಬೇಕು, ಮುಕ್ಕಾಲು ಗಂಟೆ. ಆಮೇಲೆ ಬೆನ್ನಿಗೆ ನೀರು ಬಿಟ್ಕೊಂಡು ಸ್ವಲ್ಪ ಸುಮ್ನೆ ಕೂತ್ಕೊತೀನಿ."

"ಬಾಗಿಲು?"

"ಹಾಕ್ಕೊಳ್ದೆ? ಕೆಳಗಿನ ಸಂದಿಗೆ ಹಳೇ ಸೀರೆ ತುರುಕ್ತೀನಿ. ಕಾಲು ಕೊರೆಯುತ್ತೆ."

ತಿಪ್ಪೇಶ ಆ ಸಂದಿ ನೋಡಿದ. ಗಾಳಿ ಆಡೋಕೆ ಅದೊಂದು ಇದೆಯಲ್ಲ ಅಂತ ಅವನು ಲೆಕ್ಕ ಹಾಕಿದ್ದ.

"ಹೊಗೆ ಆಚೆ ಹೋಗೋಕೆ ದಾರಿ ಇಟ್ಟಿದೀಯ" ಅಂದ್ರು ಗುರುಗಳು. "ಗಾಳಿ ಒಳಗೆ ಬರೋಕೆ?"



ಗುರುಗಳು ಊದುಬತ್ತಿ ಕಟ್ಟು ತರಿಸಿದ್ರು. ನಾಲ್ಕು ಕಡ್ಡಿ ಹಚ್ಚಿ ಗೀಸರ್ ಮೇಲ್ಗಡೆ, ಹೊಗೆ ಕೊಳವೆಯ ತೆರೆದ ಬಾಯಿ ಪಕ್ಕ ಸಿಕ್ಕಿಸಿದ್ರು. ನಲ್ಲಿ ತಿರುಗಿಸಿದ್ರು. ಉರಿ ಹತ್ತಿಕೊಳ್ತು. ಈಚೆ ಬಂದು ಬಾಗಿಲು ಹಾಕಿ, ಸಂದಿಗೆ ಸೀರೆ ತುರುಕಿದ್ರು.

"ಕೂತ್ಕೋ. ಬಾಗಿಲಲ್ಲಿ ಅಂಗೈ ಅಗಲ ಗಾಜಿದೆ, ಅದರಲ್ಲಿ ನೋಡ್ತಿರು."

"ಎಷ್ಟು ಹೊತ್ತು?"

"ಅಕ್ಕನ ಸ್ನಾನ ಆಗೋವರೆಗೆ."

"ನನ್ನ ಬಿಸಿನೀರೆಲ್ಲ ಮೋರಿಗೆ ಹೋಯ್ತಲ್ಲೋ" ಅಂತ ಪುಟ್ಟಗೌರಮ್ಮ ಇಬ್ಬರ ವಂಶವನ್ನೂ ಬೈಗುಳದಲ್ಲಿ ಒಂದು ಸುತ್ತು ಹಾಕ್ಕೊಂಡು ಬಂದ್ರು.

ಮೊದಲು ಊದುಬತ್ತಿ ಹೊಗೆ ಶಿಸ್ತಾಗಿ ಕೊಳವೆ ಒಳಗೆ ಹೋಗ್ತಿತ್ತು. ಐದು ನಿಮಿಷಕ್ಕೂ ಹಾಗೇ. "ನೋಡಿದ್ರಾ" ಅಂತ ತಿಪ್ಪೇಶ ಹಲ್ಲು ಬಿಟ್ಟ. ಗುರುಗಳು ಗೋಡೆಗೊರಗಿ ಆಕಳಿಸಿದ್ರು.

ಹತ್ತು ನಿಮಿಷಕ್ಕೆ ಹೊಗೆ ಕೊಳವೆ ಬಾಯಲ್ಲೇ ತಡವರಿಸ್ತು. ಆಮೇಲೆ ವಾಪಸ್ ತಿರುಗ್ತು. ನೀಲಿ ಇದ್ದ ಉರಿ ತುದಿಯಲ್ಲಿ ಹಳದಿ ಆಯ್ತು. ನೋಡ್ತಾ ನೋಡ್ತಾ ಹೊಗೆ ಬಚ್ಚಲೆಲ್ಲ ಹರಡಿ, ಪುಟ್ಟಗೌರಮ್ಮ ಕೂರೋ ಮಣೆ ಮಸುಕಾಯ್ತು.



"ಈ ಹೊಗೆಗೆ ಘಮ ಇದೆ, ಬಣ್ಣ ಇದೆ, ನಿನಗೆ ಕಾಣ್ತು" ಅಂದ್ರು ಗುರುಗಳು. "ಗ್ಯಾಸು ಅರ್ಧಂಬರ್ಧ ಉರಿದು ಬಿಡೋ ವಿಷಕ್ಕೆ ಎರಡೂ ಇಲ್ಲ. ನಿದ್ದೆ ಬಂದ ಹಾಗಾಗುತ್ತೆ, ಅಷ್ಟೇ."

ಎದ್ದು ಹೋಗಿ ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆಗೆದು, ದೂರ ನಿಂತ್ರು.

"ಈಗಾದ್ರೂ ಒಳಗೆ ಹೋಗ್ಲೇನ್ರೋ?" ಅಂದ್ರು ಪುಟ್ಟಗೌರಮ್ಮ. ಎಣ್ಣೆ ಕೆನ್ನೆ ದಾಟಿ ಕತ್ತಿಗಿಳಿದಿತ್ತು.

ತಿಪ್ಪೇಶ ಮೆಲ್ಲಗೆ, "ಗುರುಗಳೇ, ಥರ್ಮಾಕೋಲ್ ಕಿತ್ತು, ಬಾಗಿಲು ಓರೆ ಮಾಡಿ, ಇವತ್ತೊಂದು ದಿನ..." ಅಂದ.

ಗುರುಗಳು ಅವನ ಮುಖ ನೋಡಿದ್ರು. ಬೈಯಲಿಲ್ಲ. ಬೈಯೋಷ್ಟು ತ್ರಾಣ ಇದ್ದ ಹಾಗೆ ಕಾಣಲಿಲ್ಲ. ಟೂಲ್ಸ್ ಚೀಲ ತೆಗೆದು ಅವನ ಕಾಲ ಹತ್ತಿರ ಇಟ್ಟರು.

ತಿಪ್ಪೇಶ ಎರಡು ದಿನದ ಕೆಲಸ ಬಿಚ್ಚೋಕೆ ಶುರು ಮಾಡಿದ. ಬಿಚ್ಚಿ, ಹೊರಗೋಡೆಗೆ ತೂತು ಕೊರೆದು, ಗೀಸರನ್ನ ಸೂರಿನ ಕೆಳಗೆ ಗಾಳಿ ನೇರ ಹೊಡೆಯದ ಮೂಲೆಯಲ್ಲಿ ಕೂರಿಸಿದ. ಒಳಗೆ ಹೋಗಿದ್ದು ಬಿಸಿನೀರಿನ ಪೈಪ್ ಒಂದೇ. ಗೋಡೆಯಲ್ಲಿ ಉಳಿದ ಹಳೇ ತೂತಿಗೆ ಸಿಮೆಂಟ್ ಮೆತ್ತಿದ. ಗವಾಕ್ಷಿ ತೆರೆದ. ತೋಳು ಮೇಲೇಳ್ತಿರಲಿಲ್ಲ, ಕಣ್ಣಲ್ಲಿ ಗಾರೆ ಪುಡಿ. ಮತ್ತೆ ಎಲ್ಲ ಜಾಯಿಂಟಿಗೂ ಸೋಪಿನ ನೀರು.

ಯಾರೂ ಹೇಳದೆ ತಾನೇ ಬಾಗಿಲು ಹಾಕಿದ. ಸೀರೆ ತುರುಕಿದ. ಮುಕ್ಕಾಲು ಗಂಟೆ ನೀರು ಬಿಟ್ಟು, ಹೊರಗೆ ಗೀಸರ್ ಉರಿ ಮುಂದೆ ಕುಕ್ಕರುಗಾಲಲ್ಲಿ ಕೂತ. ಉರಿ ನೀಲಿಯಾಗೇ ಇತ್ತು.

ಅಷ್ಟೊತ್ತಿಗೆ ಪುಟ್ಟಗೌರಮ್ಮ ಕೂತಲ್ಲೇ ತೂಕಡಿಸ್ತಿದ್ರು. ಗುರುಗಳು ಎಬ್ಬಿಸಿ ಒಳಗೆ ಕಳಿಸಿದ್ರು. ನೀರು ಬಿದ್ದ ಶಬ್ದ, ಅದರ ಹಿಂದೇ ಬೈಗುಳ.

ತಿಪ್ಪೇಶ ಕೈ ತೊಳ್ಕೊಂಡ. ಗುರುಗಳು ಬಚ್ಚಲ ಬಾಗಿಲ ಪಕ್ಕ, ನೆಲದ ಮೇಲೆ, ಗೋಡೆಗೆ ಕಿವಿ ಕೊಟ್ಟು ಕೂತಿದ್ರು.

"ಏಳಿ ಗುರುಗಳೇ. ಊಟಕ್ಕೆ ಎರಡನೇ ಪಂಕ್ತಿನೂ ಏಳ್ತಾ ಇದೆ."

"ನೀ ಹೋಗು."

"ಬೆನ್ನು ನೋವು ಅಂತೀರ, ತಣ್ಣನೆ ನೆಲದಲ್ಲಿ ಕೂತಿದೀರ." ಅವನಿಗೆ ಸಿಟ್ಟೂ ಬಂತು, ಅಳುನೂ ಬಂತು. "ಉರಿ ಹೊರಗಿದೆ, ಹೊಗೆ ಹೊರಗಿದೆ, ಸಿಲಿಂಡರ್ ಹೊರಗಿದೆ. ನಾನೇ ಹಾಕಿದೀನಿ, ನಾನೇ ನೋಡಿದೀನಿ. ಇನ್ನೇನು ಬಾಕಿ?"

ಮರಿಬಸಪ್ಪನೋರು ಕಣ್ಣು ಮುಚ್ಕೊಂಡೇ ಹೇಳಿದ್ರು:

"ಅಕ್ಕ ಒಳಗಿದಾರೆ."