ಇಲ್ಲದ ರಾಯರ ಲಾಗಿನ್

ನಮ್ಮ ಸೂಪರಿಂಟೆಂಡೆಂಟ್ ಶಿವನಂಜಯ್ಯನವರು ತಮ್ಮ ಕಳ್ಳತನವನ್ನು ತಾವೇ ಇಡೀ ಆಫೀಸಿಗೆ ಕೂಗಿ ಹೇಳಿದ್ದು ಹೇಗೆ, ಊಹಿಸಿ ನೋಡೋಣ! ಆಗಲಿಲ್ಲವೇ? ಹಾಗಾದರೆ ಕೇಳಿ.

ಆಗ ನಮ್ಮಲ್ಲಿ ಪಾಸ್‌ವರ್ಡ್ ಗುಟ್ಟಿನ ವಸ್ತುವೇ ಅಲ್ಲ. "ರೀ, ನಿಮ್ಮದೇನು?" ಎಂದು ಈ ಮೇಜಿನಿಂದ ಕೂಗಿದರೆ ಆ ಮೇಜಿನಿಂದ ಉತ್ತರ ಬರುತ್ತಿತ್ತು. ಹೀಗಿರುವಾಗ ಯಾರೋ, ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತೆ ವನಮಾಲಾ ಅವರ ಹೆಸರಿನಲ್ಲಿ ಲಾಗಿನ್ ಆಗಿ, ಸರದಿ ತಪ್ಪಿಸಿ ಶಿವನಂಜಯ್ಯ ಸಾಹೇಬರ ಷಡ್ಡಕನಿಗೆ ಕ್ವಾರ್ಟರ್ಸ್ ಕೊಟ್ಟುಬಿಟ್ಟರು.

"ಕಂಪ್ಯೂಟರ್ ಸುಳ್ಳು ಹೇಳುತ್ತೇನಮ್ಮ? ಸಂಜೆಯೊಳಗೆ ತಪ್ಪೊಪ್ಪಿಕೊಳ್ಳಿ, ಇಲ್ಲ ಸಸ್ಪೆಂಡ್!" ಎಂದು ಸಾಹೇಬರೇ ಗುಡುಗಿದರು.

"ಆಗಲಿ ಸಾರ್, ಕಾಫಿ ಕುಡಿದು ಬರ್ತೀನಿ" ಎಂದರು ವನಮಾಲಾ.

ಕಾಫಿ ಹೊತ್ತಿನಲ್ಲಿ ಆಕೆ ಸಾಹೇಬರ ಕೋಣೆಗೂ ಕೇಳುವಂತೆ ನನಗೆ ಹೇಳಿದರು: "ತನಿಖೆಗೆ ಬರೋ ಭೀಮಸೇನರಾಯರಿಗೆ ಲಾಗಿನ್ ಮಾಡಿಟ್ಟೆ. ಪಾಸ್‌ವರ್ಡ್ ಮೈಸೂರುಪಾಕು."

ಅಂಥ ರಾಯರು ಈ ಭೂಮಿಯ ಮೇಲೇ ಇರಲಿಲ್ಲ! ಆ ಲಾಗಿನ್ ತೆರೆದವರಿಗೆ ಮಾತ್ರ ಕಾಣುವಂತೆ ಆಕೆ ಒಂದೇ ಸಾಲು ಬರೆದಿಟ್ಟಿದ್ದರು: ಷಡ್ಡಕರ ಕ್ವಾರ್ಟರ್ಸ್ ರದ್ದು.

ಲೋಟ ತೊಳೆದಿಡುವಷ್ಟರಲ್ಲಿ ಸಾಹೇಬರು ಹಾರಿ ಬಂದರು. "ನಮ್ಮ ಷಡ್ಡಕನ ಕ್ವಾರ್ಟರ್ಸ್ ರದ್ದು ಮಾಡೋಕೆ ಆ ಭೀಮಸೇನರಾಯ ಯಾರ್ರೀ?"

"ಯಾರೂ ಅಲ್ಲ ಸಾರ್" ಎಂದರು ವನಮಾಲಾ ತಣ್ಣಗೆ. "ರದ್ದಾಗಿದೆ ಅಂತ ತಾವು ಎಲ್ಲಿ ಓದಿದಿರಿ?"

ಬೇರೆಯವರ ಹೆಸರಿನಲ್ಲಿ ಲಾಗಿನ್ ಆಗುವವರು ಯಾರೆಂದು ಇಡೀ ಆಫೀಸಿಗೆ ತಿಳಿದುಹೋಯಿತು. ಸಂಜೆಯೊಳಗೆ ತಪ್ಪೊಪ್ಪಿಗೆ ಬಂತು ಅನ್ನಿ, ಆದರೆ ಸಾಹೇಬರದು. ನಾವೆಲ್ಲ ಮೈಸೂರುಪಾಕು ತರಿಸಿ ತಿಂದೆವು. ಅವತ್ತು 2009ರ ಜೂನ್ ಹದಿನೈದು, ಸೋಮವಾರ.